ಎರಡು ಕರಿಕಲ್ಲಿನ ನಡುವಿನ ಕೆಮ್ಮಣ್ಣು

ಕಲ್ಲನ್ನು ಒಡೆಯುವ ಮೊದಲು ಭೀಮಣ್ಣ ಅದರ ಮಾತು ಕೇಳುತ್ತಿದ್ದ. ಸುತ್ತಿಗೆಯಿಂದ ಒಂದು ಸಣ್ಣ ಪೆಟ್ಟು, ಆಮೇಲೆ ಬಂಡೆಗೆ ಕಿವಿ. "ಗಟ್ಟಿ ಕಲ್ಲು ಗಂಟಿ ಹಂಗ ಹಾಡತೈತ್ರಿ ಬಾಯಾರ. ಪೊಳ್ಳಿದ್ರ ಗಂಟಲಾ ಕಟ್ಟಿದಂಗ." ಬಿಜಾಪುರ ಕಡೆಯವನು, ಪಾರ್ಸಿಕ್ ಗುಡ್ಡದ ಕ್ವಾರಿಯಲ್ಲಿ ಇಪ್ಪತ್ತು ವರ್ಷ ಡ್ರಿಲ್ ಹಿಡಿದವನು.

ತೊಂಬತ್ತರ ದಶಕದ ನಡುವೆ, ಜಿಯಾಗ್ರಫಿ ಟೀಚರ್ ಆಗಿ ರಿಟೈರ್ ಆದ ನಾನು ಠಾಣೆಯ ನಮ್ಮ ಕನ್ನಡ ಪ್ರಾರ್ಥನಾ ಕೂಟದಲ್ಲಿ ಸಂಡೇ ಸ್ಕೂಲ್ ನೋಡಿಕೊಳ್ಳುತ್ತಿದ್ದೆ. ಭೀಮಣ್ಣನೂ ಹೆಂಡತಿಯೂ ಅಲ್ಲಿಗೆ ಬರುತ್ತಿದ್ದರು; ನನ್ನನ್ನು ಅವನು ಬಾಯಾರ, ಅಂದರೆ ಟೀಚರಮ್ಮ, ಎನ್ನುತ್ತಿದ್ದ. ಒಮ್ಮೆ ಮಕ್ಕಳನ್ನು ಕ್ವಾರಿಗೆ ಕರೆದೊಯ್ದಾಗ ಅವನು ಕಡಿದ ಗೋಡೆ ತೋರಿಸಿದ: ಕರಿಕಲ್ಲು, ಅದರ ಮೇಲೆ ಗೇಣು ದಪ್ಪದ ಕೆಮ್ಮಣ್ಣು, ಮತ್ತೆ ಕರಿಕಲ್ಲು. ಕೆಮ್ಮಣ್ಣಿನ ಮೇಲ್ಭಾಗ ಇಟ್ಟಿಗೆಯಂತೆ ಸುಟ್ಟಿತ್ತು.

"ಕೆಳಗಿನ ಕಲ್ಲು ಬಿಸಲಾಗ, ಮಳ್ಯಾಗ ಕೊಳತು ಮಣ್ಣಾಗೇತಿ. ಆಮ್ಯಾಲೆ ಮ್ಯಾಲಿನ ಕಲ್ಲು ಬೆಂಕಿಯಾಗಿ ಹರಕೊಂಡು ಬಂದು ಅದನ್ನ ಸುಟ್ಟೈತಿ."

ಮೂವತ್ತು ವರ್ಷ ನಾನು ಲಾವಾ, ವೆದರಿಂಗ್ ಎಂದು ಬೋರ್ಡಿನ ಮೇಲೆ ಬರೆದದ್ದನ್ನು ಅವನು ಬೆರಳಿಟ್ಟು ತೋರಿಸಿದ್ದ.

ಅದೇ ವರ್ಷ ಊರಿಂದ ಒಬ್ಬ ಬೋಧಕರು ಬಂದರು. ಕೋಟು, ಮೂಗಿಗೆ ಹೊಡೆಯುವ ಸೆಂಟು, ಸ್ಲೈಡ್ ಪ್ರೊಜೆಕ್ಟರ್. ನೋಹನ ಜಲಪ್ರಳಯದ ಒಂದೇ ವರ್ಷದಲ್ಲಿ ಈ ಗುಡ್ಡಗಳ ಪದರೆಲ್ಲ ಕೂತವು ಎಂದರು. ಸಾಕ್ಷಿಗೆ ಚಿಪ್ಪು ಹುದುಗಿದ ಒಂದು ಕಲ್ಲು. ಅದು ತನ್ನ ಕ್ವಾರಿಯಲ್ಲೇ ಸಿಕ್ಕಿತೆಂದು ಭೀಮಣ್ಣ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳಬೇಕು. ಹೇಳಿದರೆ ಕೂಟದ ಹಾಲ್‌ನ ಹಿಂದಿನ ಖೋಲಿ ಅವನಿಗೆ ಇರಲು ಕೊಡಿಸುವುದಾಗಿ ಬೋಧಕರು ಹೇಳಿದರು. ಅವನ ಝೋಪಡಿಗೆ ಕೆಡವುವ ನೋಟಿಸ್ ಬಂದಿತ್ತು.

ಭಾನುವಾರ ಭೀಮಣ್ಣ ಆ ಕಲ್ಲನ್ನು ಬಡಿದ, ಕೇಳಿದ, ಉಗುರಿನಿಂದ ಕೆರೆದ. "ಇದು ಸಿಮಿಟ್ ಐತ್ರಿ ಸಾಹೇಬ್ರ. ಚಿಪ್ಪು ಇಲ್ಲೇ ಖಾಡಿ ದಂಡಿದು, ಸಮುದ್ರದ ಹಿನ್ನೀರಿಂದು."

ಬೋಧಕರು ನಕ್ಕರು. "ಓದು ಬಾರದವರ ಕಿವಿಯಲ್ಲಿ ಸೈತಾನ ಬೇಗ ಊದ್ತಾನೆ ಮಾರಾಯ."

"ಓದಿಲ್ಲ, ಖರೆ. ಆದ್ರ ನೀರೊಳಗ ಮಣ್ಣು ಸುಡತೈತೇನ್ರಿ?" ಎಂದವನೇ ನನ್ನತ್ತ ತಿರುಗಿದ. "ಬಾಯಾರ, ನೀವರ ಹೇಳ್ರಿ."

ನಾನು ಕೀರ್ತನೆಗಳ ಹಿಮ್ ಬುಕ್ಕಿನ ಪುಟ ಮಗುಚಿದೆ. ಸಭೆಯಲ್ಲಿ ಎದುರಾಡದಿರುವುದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸ್ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪ್ಲೇನ್ ಕವರ್ಡಿಸ್, ಬರೀ ಹೇಡಿತನ. ಆ ಸಿಮೆಂಟಿನ ಉಂಡೆ, ಅದಕ್ಕೆ "ಪ್ರೈಸ್ ದಿ ಲಾರ್ಡ್" ಎಂದ ಗಂಟಲುಗಳು, ಅವುಗಳ ನಡುವೆ ಮುಚ್ಚಿಕೊಂಡಿದ್ದ ನನ್ನ ಬಾಯಿ. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಇಂಥ ಸುಳ್ಳಿನ ಹಂಗು ದೇವರಿಗೆ ಬೇಕಿತ್ತೇ?

ಖೋಲಿ ಬೇರೆಯವರಿಗೆ ಹೋಯಿತು. ಭೀಮಣ್ಣ ಕೂಟಕ್ಕೆ ಬರುವುದನ್ನು ಬಿಟ್ಟ.

ಕೊನೆಯ ಸಲ ಕಂಡದ್ದು ಕಲ್ಯಾಣ್ ಸ್ಟೇಷನ್ನಿನಲ್ಲಿ. ಝೋಪಡಿ ಹೋಗಿತ್ತು, ಹೆಂಡತಿ, ಟ್ರಂಕು ಸಮೇತ ಟಿಟ್ವಾಳಾಕ್ಕೆ ಹೊರಟಿದ್ದ. ಅಲ್ಲಿ ಯಾರದೋ ಶೆಡ್ಡು ಸಿಕ್ಕಿತ್ತಂತೆ.

"ಭೀಮಣ್ಣ, ಅವತ್ತು ನೀನು ಹೇಳಿದ್ದೇ ಸರಿ. ನಂಗೆ ಗೊತ್ತಿತ್ತು," ಎಂದೆ.

"ನಿಮಗ ಗೊತ್ತಿತ್ತು ಅಂತ ನನಗೂ ಗೊತ್ತಿತ್ರಿ ಬಾಯಾರ," ಎಂದ, ಸಿಟ್ಟಿಲ್ಲದೆ. "ಅದಕ್ಕ ನಿಮ್ಮನ್ನ ಕೇಳಿದ್ನಿ."

ಲೋಕಲ್ ಬಂತು. ಟ್ರಂಕಿನ ಒಂದು ಕಡೆ ಹಿಡಿಯಲು ಕೈ ಚಾಚಿದೆ. "ಇರ್ಲಿ ಬಿಡ್ರಿ," ಎಂದು ಅವನೊಬ್ಬನೇ ಎತ್ತಿಕೊಂಡ.