ಅಂಗೈಯಿಂದ ಕೇಳುತ್ತಿದ್ದ ಮಾಬುಸಾಬರು

ಕಂಪ್ಯೂಟರ್ ಬಿಚ್ಚುವ ಮೊದಲು ಮಾಬುಸಾಬರು, ಜ್ವರ ಬಂದ ಕೂಸಿನ ಬೆನ್ನು ಮುಟ್ಟುವಂತೆ ಅದರ ಡಬ್ಬದ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂಡುತ್ತಿದ್ದರು. ಹರೆಯದಲ್ಲಿ ಹತ್ತಿ ಗಿರಣಿಯ ಸಪ್ಪಳದಲ್ಲಿ ದುಡಿದು ಕಿವಿ ಕಳೆದುಕೊಂಡಿದ್ದರು. ಒಳಗೆ ಫ್ಯಾನು, ಡಿಸ್ಕು ತಿರುಗುವುದು ಅವರಿಗೆ ಕೈಯಲ್ಲೇ ತಿಳಿಯುತ್ತಿತ್ತು. ನಮ್ಮ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದರು. "ಹೆಂಡ್ತಿ ಬೈದ್ರೂ ನನಗ ಹರಸಿದಂಗ ಕಾಣತೈತ್ರಿ," ಎಂದು ತಾವೇ ನಗುತ್ತಿದ್ದರು.

ನಮ್ಮೂರು ಹಂಪಸಾಗರ. ನಮ್ಮ ಮನೆಯವರು ಮೇಷ್ಟ್ರು. ಮಗಳು ಗೌರಿಗೆಂದು ಹಳೆಯದೊಂದು ಕಂಪ್ಯೂಟರ್ ತಂದಿದ್ದರು. ಅದು ಮೊದಲ ಸಲ ಚಾಲೂ ಆಗದೆ ಪಿಂವ್‌ಗುಟ್ಟಿದಾಗ ಹಗರಿಬೊಮ್ಮನಹಳ್ಳಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಮಾಬುಸಾಬರು ಬಸ್ಸಿಗೆ ಬಂದರು.

"ಹೆಂಗ ಒದರತೈತಿ, ಹೇಳ್ರಿ ಅಕ್ಕಾರ."

"ಉದ್ದಕ, ಬಿಟ್ಟುಬಿಟ್ಟು."

ಒಳಗಿನ ಮೆಮೊರಿ ಪಟ್ಟಿಯನ್ನು ಕಿತ್ತು, ಗೌರಿಯ ರಬ್ಬರಿನಿಂದ ಅದರ ಅಂಚು ತಿಕ್ಕಿ ಕೂಡಿಸಿದರು. ಚಾಲೂ ಆಯಿತು. "ಕಿವಿ ನಿಮ್ಮದು, ಕೈ ನಂದು. ಕೂಡಿ ಅಂಗಡಿ ನಡಸೋಣೇನ್ರಿ?" ಎಂದರು. ಗೌರಿ ಬಿದ್ದು ಬಿದ್ದು ನಕ್ಕಳು.

ಎರಡು ವರ್ಷಕ್ಕೆ ಗೌರಿ ಕಾಮಾಲೆಯಲ್ಲಿ ಹೋದಳು. ಅವಳು ಮೈಕಿನಲ್ಲಿ ಹಾಡಿ ಇಟ್ಟಿದ್ದ ಒಂದು ಹಾಡು ಕಂಪ್ಯೂಟರಿನಲ್ಲಿತ್ತು. ದಿನಾ ಪೂಜೆ ಮುಗಿಸಿ ಅದನ್ನು ಕೇಳುತ್ತಿದ್ದೆ. ಒಂದು ಬೆಳಿಗ್ಗೆ ಪರದೆ ಅರ್ಧಕ್ಕೇ ಕಪ್ಪಾಗಿ, ಮತ್ತೆ ಮೊದಲಿನಿಂದ ಶುರುವಾಗತೊಡಗಿತು. ಆರಿಸಿ ಹಚ್ಚಿದೆ, ಆರಿಸಿ ಹಚ್ಚಿದೆ. ನೋಡಿದವರೊಬ್ಬರು ಎಲ್ಲ ಅಳಿಸಿ ಹೊಸದಾಗಿ ತುಂಬಬೇಕೆಂದರು. ನಾನು ಮಾಬುಸಾಬರಿಗೆ ಹೇಳಿ ಕಳಿಸಿದೆ.

ಅವರು ಅಂಗೈ ಇಟ್ಟವರೇ ಪ್ಲಗ್ ಕಿತ್ತರು. "ಡಿಸ್ಕು ಬಡಕೊಳ್ಳಾಕತ್ತೈತಿ. ಇನ್ನ ಹಚ್ಚಬ್ಯಾಡ್ರಿ. ಒಳಗ ಏನೈತಿ?"

"ಗೌರಿ ದನಿ."

ಡಿಸ್ಕನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಮೂರನೆಯ ದಿನ ಬಂದು ಬೇರೆ ಡಿಸ್ಕು ಹಾಕಿದರು. "ಹಾಡು ಓಡಾಕತ್ತೈತಿ. ಆದ್ರ ದನಿ ಐತೋ, ಬರೀ ಗರಗರ ಐತೋ ನನಗ ತಿಳಿಯಂಗಿಲ್ಲ. ನೀವ ಹೇಳಬೇಕು."

"ಅವ್ವಾ, ಸುಮ್ನಿರು! ನಿನ್ನ ರೊಟ್ಟಿ ಬಡಿಯೋ ಸಪ್ಪಳ ಹಾಡಿನ್ಯಾಗ ಬರತೈತಿ!" ಕಂಪ್ಯೂಟರಿನೊಳಗಿಂದ ಗೌರಿ ಗದರಿದಳು. ಆಮೇಲೆ ಹಾಡು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮಾಬುಸಾಬರು ನನ್ನನ್ನೇ ನೋಡುತ್ತಿದ್ದರು. "ಬರಲಿಲ್ಲೇನ್ರಿ? ತಪ್ಪಾತ್ರಿ ಅಕ್ಕಾರ. ನನ್ನ ಕೈಲೆ ಇಷ್ಟ ಆತು." ಚೀಲ ಎತ್ತಿಕೊಂಡು ಹೊರಟರು.

ಹಾಡು ಮುಗಿಯುವ ತನಕ ನಾನು ಏಳಲಿಲ್ಲ. ನಾಲ್ಕು ನಿಮಿಷ ಗೌರಿ ಮನೆಯಲ್ಲಿದ್ದಳು. ಅಷ್ಟನ್ನಾದರೂ ಶಿವ ಉಳಿಸಿದ. ಬಾಗಿಲಿಗೆ ಬಂದಾಗ ಬಸ್ಸು ಹೋಗಿತ್ತು.

ಯಾರ ಕೈಲಾದರೂ ಹೇಳಿ ಕಳಿಸಬಹುದಿತ್ತು. ಎದುರು ನಿಂತು ಕೈಮುಗಿದೇ ಹೇಳಬೇಕೆಂದು ಸಂತೆಯ ದಿನದವರೆಗೆ ತಡೆದೆ. ಹೋದರೆ ಅಂಗಡಿಯ ಬಾಗಿಲು ಹಾಕಿತ್ತು. ಹಿಂದೆಯೇ ಮನೆ. ಅವರ ಹೆಂಡತಿ ಹೊಸ್ತಿಲಲ್ಲಿ ಕೂತಿದ್ದರು.

"ಎದಿ ನೋವು ಬಂದು ಮೊನ್ನೆ ಹೋದ್ರವ್ವ. ಹಂಪಸಾಗರದಿಂದ ಬಂದ ದಿನ ಉಣ್ಣಲೇ ಇಲ್ಲ. ಆ ತಾಯಿಗೆ ಮಗಳ ದನಿ ಕೊಡಾಕ ಆಗಲಿಲ್ಲ ಅಂತ ಗೋಡಿ ಕಡೆ ಮಕ ಮಾಡಿ ಮಲಗಿದ್ರು."

"ಆ ತಾಯಿ ನಾನ ರೀ. ಸಿಕ್ಕೈತಿ, ಪೂರ್ತಿ ಸಿಕ್ಕೈತಿ," ಎಂದೆ. ಮತ್ತೆ ಮತ್ತೆ ಅದನ್ನೇ ಹೇಳಿದೆ.

ಆಕೆ ನನ್ನ ಕೈ ಹಿಡಿದುಕೊಂಡರು. "ಅವರು ಇದ್ದಾಗ ಒಂದು ಮಾತು ಹೇಳಬೇಕಿತ್ತಲ್ಲವ್ವ," ಎಂದರು.