ಎಡಮಂಡಿಯ ಲೇಪ

ಸ್ಕೋಫೀಲ್ಡ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಮೆಲ್ಬರ್ನ್‌ನ ಲ್ಯಾಬೊಂದರಲ್ಲಿ ಚೀನೀ ಗಿಡಮೂಲಿಕೆಗಳ ರಸವನ್ನು ಬಿಳಿ ರಕ್ತಕಣಗಳ ಮೇಲೆ ಹನಿಸುತ್ತಲೇ ನಿವೃತ್ತರಾದವರು. ಯಾರು ಏನು ಹೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಕಂಟ್ರೋಲ್ ಎಲ್ಲಿ?" ಎನ್ನುತ್ತಿದ್ದರು. ಹೋಲಿಸಿ ನೋಡಲು ಔಷಧಿ ಹಾಕದೆ ಬಿಟ್ಟದ್ದಕ್ಕೆ ಲ್ಯಾಬಿನವರು ಹಾಗೆನ್ನುತ್ತಾರೆ. ಹ್ಯಾರಿಸ್ ಪಾರ್ಕ್‌ನ ಇಂಡಿಯನ್ ಅಂಗಡಿಯಿಂದ ತಂದ ಹೊಸ ರವೆಯಲ್ಲಿ ನನ್ನ ಹೆಂಡತಿ ಇಡ್ಲಿ ಮಾಡಿಕೊಟ್ಟಾಗ, "ಹಳೇ ರವೆದೂ ಒಂದು ಕೊಡಮ್ಮ," ಎಂದಿದ್ದರು.

ಒಮ್ಮೆ ಅವರ ಎರಡೂ ಮಂಡಿ ಊದಿಕೊಂಡವು. ಚೀನೀ ವೈದ್ಯೆ ಕೊಟ್ಟ ಕಪ್ಪು ಲೇಪವನ್ನು ಬಲಮಂಡಿಗೆ ಮಾತ್ರ ಹಚ್ಚಿಕೊಂಡರು.

"ಎಡಗಡೆಗೂ ಹಚ್ಕೊಳ್ಳಿ ಅಂಕಲ್," ಎಂದೆ.

"ಅದು ಕಂಟ್ರೋಲ್ ಕಣಯ್ಯ. ರಕ್ತಕಣಗಳು ಗಲಾಟೆ ಎಬ್ಬಿಸಿದ್ರೆ ಊತ ಬರತ್ತೆ. ಈ ಮೂಲಿಕೆ ಅವನ್ನ ಸುಮ್ನಿರಿಸೋದನ್ನ ಗಾಜಿನ ತಟ್ಟೇಲಿ ನೋಡಿದೀನಿ. ಮಂಡೀಲಿ ನೋಡಿಲ್ಲ."

ಮೂರು ವಾರ ಕುಂಟುತ್ತಲೇ, ದಿನವೂ ಟೇಪು ಹಿಡಿದು ಎರಡೂ ಮಂಡಿ ಅಳೆದು ಬರೆದರು. ಎರಡರ ಊತವೂ ಒಂದೇ ಸಮನಾಗಿ ಇಳಿಯಿತು.

"ಲೇಪದ್ದೇನೂ ಇಲ್ಲ, ತಾನಾಗೇ ಇಳಿದಿದೆ," ಎಂದು ಪುಸ್ತಕ ಮುಚ್ಚಿದರು.

ಕಾಫಿ ತಂದ ಆಂಟಿ ತಣ್ಣಗೆ ಹೇಳಿದರು: "ಮಧ್ಯಾಹ್ನ ನೀವು ಮಲಗಿದಾಗ ಎಡಗಡೆಗೆ ನಾನೇ ಹಚ್ಚಿ, ಏಳೋಷ್ಟರಲ್ಲಿ ಒರೆಸ್ತಿದ್ದೆ. ಲೇಪದ ವಾಸನೆ ಹೇಗಿದ್ರೂ ಮನೆಯೆಲ್ಲ ಇತ್ತಲ್ಲ, ನಿಮಗೆ ಗೊತ್ತಾಗ್ಲಿಲ್ಲ."

ಅಂಕಲ್ ಎದ್ದು, ಲೇಪದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಆಮೇಲೆ ಎದುರು ಸಿಕ್ಕಾಗಲೆಲ್ಲ ಮಂಡಿ ಹೇಗಿದೆ ಎಂದು ಕೇಳುತ್ತಿದ್ದೆ. ಸರಸರನೆ ನಡೆದು ಬಂದವರು ನಿಂತು, ಬಗ್ಗಿ ಎರಡನ್ನೂ ಒತ್ತಿ ನೋಡಿಕೊಂಡು, ದುಃಖದಿಂದ ಹೇಳುತ್ತಿದ್ದರು: "ಇನ್ನೂ ಊದಿಲ್ಲ ಕಣಯ್ಯ."