ಅಳುವ ಕಪಾಟು

ಅವರ ಬಲಗೈಯ ಹೆಬ್ಬೆರಳು ಸದಾ ನೇರಳೆ ಬಣ್ಣದ್ದಾಗಿರುತ್ತಿತ್ತು. ನಮ್ಮ ಕಾನ್ವೆಂಟ್ ಶಾಲೆಯ ಲೈಬ್ರರಿ ಟೀಚರ್ ಅವರು; ಮೊಹರು ಒತ್ತಿ ಒತ್ತಿ ಶಾಯಿ ಉಗುರಿನ ಸಂದಿಯಲ್ಲೇ ನೆಲೆಯೂರಿತ್ತು. ಕಿಟಕಿಯ ಪಕ್ಕದ ಕಪಾಟಿನಲ್ಲಿ, ತಮ್ಮವರನ್ನು ಕಳಕೊಂಡವರ ಕಥೆಗಳನ್ನೇ ಆರಿಸಿ ಇಟ್ಟಿದ್ದರು. ನಾವು ಹುಡುಗಿಯರು ಅದನ್ನು 'ಅಳುವ ಕಪಾಟು' ಎನ್ನುತ್ತಿದ್ದೆವು. ಅಲ್ಲಿಂದ ಪುಸ್ತಕ ತೆಗೆದರೆ ಟೀಚರ ಮಾತೊಂದು ತಪ್ಪದು: "ಅಳುದಾದ್ರೆ ಅಳು ಮಾರಾಯ್ತಿ, ಪುಟ ಚಂಡಿ ಮಾಡ್ಬೇಡ." ಪುಟ ಒದ್ದೆಯಾದರೆ ಅವರಿಗೆ ಆಗುತ್ತಿರಲಿಲ್ಲ.

ಮದುವೆಯಾಗಿ ಕೋಡಿಂಬಾಳಕ್ಕೆ ಬಂದ ಮೇಲೆ ಅವರನ್ನು ಕಂಡದ್ದು ಕಡಿಮೆ. ನನ್ನ ನಾಲ್ಕು ವರ್ಷದ ಮಗಳು ಜ್ವರದಲ್ಲಿ ತೀರಿಹೋದಳು. ಮನೆಯವರು ನನ್ನ ಮೇಲಿನ ಕರುಣೆಯಿಂದಲೇ ಅವಳ ಫ್ರಾಕು, ಚಪ್ಪಲಿ, ಫೋಟೋ ತೆಗೆದಿಟ್ಟರು. ಹೆಸರನ್ನೂ ತೆಗೆದಿಟ್ಟರು. "ಅವಳೆದುರು ಮಗುವಿನ ಸುದ್ದಿ ತೆಗೀಬೇಡಿ," ಎಂದು ಅತ್ತೆ ಬಂದವರಿಗೆಲ್ಲ ಬಾಗಿಲಲ್ಲೇ ಹೇಳುತ್ತಿದ್ದರು. ಆ ಹೆಸರು ಇನ್ನೊಬ್ಬರ ಬಾಯಲ್ಲಿ ಒಮ್ಮೆ ಕೇಳಿದರೆ ಸಾಕಿತ್ತು ನನಗೆ. ಕೇಳದೆ ಕೇಳದೆ, ಅವಳು ಇದ್ದದ್ದೇ ನಿಜವೋ ಎಂದು ಹೆದರಿಕೆಯಾಗತೊಡಗಿತ್ತು.

ಒಂದು ಮಧ್ಯಾಹ್ನ ಟೀಚರ್ ಬಸ್ಸಿಳಿದು ಬಂದರು. ನಿವೃತ್ತರಾಗಿದ್ದರು; ಹೆಬ್ಬೆರಳು ಬೆಳ್ಳಗಾಗಿತ್ತು. ಸಮಾಧಾನದ ಮಾತೊಂದೂ ಆಡಲಿಲ್ಲ. ಅತ್ತೆ ಹಲಸಿನ ಬೀಜ ಸುಲಿಯುತ್ತಿದ್ದ ಅಡುಗೆಮನೆಗೇ ಬಂದು, ಮಣೆ ಎಳೆದು ನನ್ನ ಪಕ್ಕ ಕೂತು, ಚೀಲದಿಂದ ಪುಸ್ತಕ ತೆಗೆದು ಗಟ್ಟಿಯಾಗಿ ಓದತೊಡಗಿದರು. ತೀರಿಹೋದ ಮಗುವಿಗೆ ದಿನವೂ ಒಂದು ಬಟ್ಟಲು ಗಂಜಿ ತೆಗೆದಿಡುವ ತಾಯಿಯ ಕಥೆ.

ಸ್ವಲ್ಪ ಓದಿ ನಿಲ್ಲಿಸಿದರು. "ಮಗು ಮಗು ಅಂತ ಓದಿ ನಂಗೆ ಸಾಕಾಯ್ತು. ಹೆಸರು ಎಂತ ಇಡುವ ಇದಕ್ಕೆ?"

ಬೀಜ ಸುಲಿಯುವ ಸದ್ದು ನಿಂತಿತು. ಆಮೇಲೆ, ತಲೆಯೆತ್ತದೆ, ಅತ್ತೆ ನನ್ನ ಮಗಳ ಹೆಸರು ಹೇಳಿದರು.

"ಒಳ್ಳೆ ಹೆಸರು," ಎಂದು ಟೀಚರ್ ಅದನ್ನೇ ಇಟ್ಟು ಮುಂದೆ ಓದಿದರು. ಕಥೆಯ ತಾಯಿಯ ನೆನಪಿನಲ್ಲಿ ನನ್ನ ಮಗಳು ಗಂಜಿಗೆ ಬೆಲ್ಲ ಬೇಕೆಂದು ಹಟ ಮಾಡಿದಳು.

"ಬೆಲ್ಲ ಎಲ್ಲಿ ತಿಂತಿದ್ಲು ಅವಳು? ಉಪ್ಪಿನಕಾಯಿ ರಸ ಬೇಕು ಅವಳಿಗೆ," ಎಂದು ಅತ್ತೆ ತಿದ್ದಿದರು.

ನನ್ನ ಕಣ್ಣೀರು ಪುಟದ ಮೇಲೆ ಬಿತ್ತು. ಹಳೆಯ ಅಭ್ಯಾಸಕ್ಕೆ ಸೆರಗಿನಿಂದ ಒರೆಸಹೋದೆ. ಟೀಚರ್ ಕೈ ಹಿಡಿದರು. "ಇರ್ಲಿ. ಇದು ಚಂಡಿ ಆಗ್ಲಿಕ್ಕೇ ಇರುದು."

ಪುಸ್ತಕ ನನ್ನಲ್ಲೇ ಬಿಟ್ಟು ಸಂಜೆಯ ಬಸ್ಸಿಗೆ ಹೋದರು. ಬಿಡಿಸಿ ನೋಡಿದೆ. ಮೊದಲ ಸಾಲಿನಲ್ಲೇ ಮಗುವಿಗೆ ಚಂದದ ಒಂದು ಹೆಸರಿತ್ತು. ಆಮೇಲೆ ಸಾಲುಸಾಲಿಗೂ ಇತ್ತು. ಒಂದೆಡೆಯೂ ತಡವರಿಸದೆ ಅವರು ಅದನ್ನು ದಾಟಿ ಓದಿದ್ದರು.

ಕಳೆದ ವರ್ಷ ಟೀಚರ್ ತೀರಿಕೊಂಡರು. ಬೆಟ್ಟಂಪಾಡಿಯ ಅವರ ಮನೆಯಲ್ಲಿ, ಬಂದವರೆಲ್ಲ ರಸ್ತೆಯ ಗುಂಡಿಗಳ ಬಗ್ಗೆ ಮಾತಾಡುತ್ತಿದ್ದರು. ಅವರ ತಂಗಿ ಒಬ್ಬರೇ ಕೂತಿದ್ದರು. ನಾನು ಬಳಿ ಕೂತು, ಜೊತೆಗೆ ತಂದಿದ್ದ ಅದೇ ಪುಸ್ತಕ ಬಿಡಿಸಿದೆ. ನನಗೆ ಅವರಷ್ಟು ಧೈರ್ಯವಿಲ್ಲ, ತಡವರಿಸಿದೆ. ಅಚ್ಚಾದ ಹೆಸರನ್ನು ದಾಟುತ್ತಾ ದಾಟುತ್ತಾ ಓದಿ, ನಿಲ್ಲಿಸಿ ಕೇಳಿದೆ: "ಎಂತ ಹೆಸರು ಇಡುವ ಅಕ್ಕಾ?"

ತಂಗಿ ನನ್ನ ಮುಖ ನೋಡಿದರು. ಆಮೇಲೆ, ಟೀಚರನ್ನು ಚಿಕ್ಕಂದಿನಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹೇಳಿದರು. ನಾನು ಅದನ್ನು ಕೇಳಿದ್ದು ಅದೇ ಮೊದಲು. ಆ ಹೆಸರಿಟ್ಟು ಪುಟ ತಿರುವಿದೆ. ಹಿಂದೊಮ್ಮೆ ಚಂಡಿಯಾಗಿ, ಒಣಗಿ ಸುಕ್ಕಾದ ಜಾಗ ಬೆರಳಿಗೆ ಸಿಕ್ಕಿತು.